ಹದಿನಾಲ್ಕು ಕಂಪ್ಯೂಟರ್, ಒಂದೇ ರೂಟರ್: ಐದು ತಮಾಷೆ ಎಪಿಐಗಳನ್ನು ಮಕ್ಕಳ ಜೊತೆ ಬಳಸಿ ನೋಡಿದ್ದು

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ನಡೆಯುವ ಯಂತ್ರಗಳು 14, ಇಂಟರ್ನೆಟ್ ಸಂಪರ್ಕ ಒಂದೇ. ಮೊದಲ ವರ್ಷ ಬಡ್ಡಿ ಲೆಕ್ಕ, ಅವಿಭಾಜ್ಯ ಸಂಖ್ಯೆ ಅಂತ ಶುರು ಮಾಡಿದ್ದೆ. ಮೂರನೇ ವಾರಕ್ಕೆ ಅರ್ಧ ಬೆಂಚು ಖಾಲಿ. ಮರುವರ್ಷ ಹೊರಗಿನ ಸರ್ವರ್‌ಗೆ ಏನಾದರೂ ಕೇಳಿ ಉತ್ತರ ತರುವ ಪುಟ್ಟ ಪ್ರೋಗ್ರಾಮುಗಳಿಂದ ಆರಂಭಿಸಿದೆ. ನಾಲ್ಕು ಸಾಲು ಬರೆದರೆ ಪರದೆಯ ಮೇಲೆ ನಾಯಿಯ ಚಿತ್ರ ಬರುತ್ತದೆ, ಇನ್ನೊಂದು ನಾಲ್ಕು ಸಾಲಿಗೆ ಒಂದು ಪಿಜೆ. ಮಕ್ಕಳು ಊಟಕ್ಕೂ ಏಳಲಿಲ್ಲ.

ಹೀಗೆ ಒಂದು ಪ್ರೋಗ್ರಾಮು ಇನ್ನೊಂದನ್ನು ಕೇಳಿ ಉತ್ತರ ಪಡೆಯುವ ಬಾಗಿಲಿಗೆ ಎಪಿಐ ಅನ್ನುತ್ತಾರೆ. ಇಂಥ ಬಿಟ್ಟಿ ಸೇವೆಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಯಾವುದು ಹೆಚ್ಚು ಮಜಾ ಅಂತ ಹೋಲಿಸುವುದು ಸುಲಭ. ಆದರೆ ತರಗತಿಗೆ ಯಾವುದನ್ನು ಆರಿಸಬೇಕು ಎಂಬುದನ್ನು ನನ್ನ ಮಟ್ಟಿಗೆ ತೀರ್ಮಾನಿಸಿದ್ದು ಮಜಾ ಅಲ್ಲ, ಮಿತಿ. ಒಬ್ಬರು ಎಷ್ಟು ಸಲ ಕೇಳಬಹುದು, ಅದನ್ನು ಎಲ್ಲಿ, ಯಾವ ಮಾತಿನಲ್ಲಿ ಬರೆದಿದ್ದಾರೆ, ಮೀರಿದರೆ ಏನಾಗುತ್ತದೆ. ನಮ್ಮ 14 ಯಂತ್ರಗಳೂ ಒಂದೇ ರೂಟರ್ ಹಿಂದೆ ಇರುವುದರಿಂದ ಹೊರಗಿನ ಸರ್ವರ್‌ಗೆ ಕಾಣುವುದು ಒಂದೇ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಮ್ಮನ್ನು ಗುರುತಿಸುವ ಸಂಖ್ಯೆ). ಅದರ ಲೆಕ್ಕದಲ್ಲಿ ನಾವು 14 ಮಕ್ಕಳಲ್ಲ, ಉಸಿರು ಬಿಡದೆ ಕೇಳುತ್ತಿರುವ ಒಬ್ಬ ಮನುಷ್ಯ. ಮನೆಯಲ್ಲಿ ಒಬ್ಬರೇ ಕೂತು ಪ್ರಯತ್ನಿಸುವವರಿಗೆ ಇದು ಎಂದೂ ಅರಿವಿಗೆ ಬರುವುದಿಲ್ಲ.

ಇದನ್ನು ನಮಗೆ ಮೊದಲು ಕಲಿಸಿದ್ದು ನಾಸಾದ 'ದಿನದ ಖಗೋಳ ಚಿತ್ರ'. 1995ರ ಜೂನ್ 16ರಿಂದ ದಿನಕ್ಕೊಂದರಂತೆ ಆಕಾಶದ ಚಿತ್ರ ಹಾಕುತ್ತಾ ಬಂದಿದ್ದಾರೆ. ತಾರೀಖು ಕೊಟ್ಟರೆ ಆ ದಿನದ ಚಿತ್ರವನ್ನೂ ವಿವರಣೆಯನ್ನೂ ಎಪಿಐ ಕೊಡುತ್ತದೆ. ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ನೀವು ಹುಟ್ಟಿದ ದಿನದ ತಾರೀಖು ಹಾಕಿ ನೋಡಿ. ಕೋಣೆ ನಿಶ್ಶಬ್ದವಾಗಿಬಿಟ್ಟಿತು. ತಾನು ಹುಟ್ಟಿದ ದಿನ ಯಾರೋ ಆರಿಸಿಟ್ಟ ನಕ್ಷತ್ರರಾಶಿಯನ್ನು ಹದಿನಾಲ್ಕರ ಮಗು ನೋಡುವ ಬಗೆಯೇ ಬೇರೆ. ಒಬ್ಬಳು ಅಮ್ಮನ ಹುಟ್ಟಿದ ದಿನ ಹಾಕಿದಳು. ಅದು 1995ಕ್ಕಿಂತ ಹಿಂದಿನದು, ಬರಲಿಲ್ಲ. ಅವಳ ಮುಖ ಸಪ್ಪಗಾದದ್ದು ಇನ್ನೂ ಕಣ್ಣಮುಂದಿದೆ.

ಹೆಸರು ನೋಂದಾಯಿಸದೆ ಬಳಸಿ ನೋಡಲು ನಾಸಾ ಒಂದು 'ಡೆಮೊ ಕೀ' ಕೊಟ್ಟಿದೆ (ಕೀ ಅಂದರೆ ಕೇಳುವಾಗ ಜೊತೆಗೆ ಕಳಿಸುವ ಗುರುತಿನ ಪದ). ಅದರ ಮಿತಿ ಒಂದು ಐಪಿ ವಿಳಾಸಕ್ಕೆ ಗಂಟೆಗೆ 30 ರಿಕ್ವೆಸ್ಟ್, ದಿನಕ್ಕೆ 50. ಇದನ್ನು ನಾನು ಓದಿದ್ದೆ, ಗುಣಾಕಾರ ಮಾಡಿರಲಿಲ್ಲ. 14 ಮಕ್ಕಳು ಎರಡೆರಡು ಸಲ ಓಡಿಸಿದರೆ 28. ಮೂರನೇ ಸುತ್ತಿನಲ್ಲಿ ಇಬ್ಬರಿಗೆ ಚಿತ್ರ ಬಂತು, ಮಿಕ್ಕ ಹನ್ನೆರಡು ಪರದೆಗಳಲ್ಲಿ 429. 'ಮಿಸ್, ನಂದು ಕೆಟ್ಟೋಯ್ತು' ಅಂತ ಒಬ್ಬ ಶುರು ಮಾಡಿದ, ಮರುಕ್ಷಣವೇ ಎಲ್ಲ ಕಡೆಯಿಂದ ಅದೇ ಕೂಗು. ಯಾರದ್ದೂ ಕೆಟ್ಟಿರಲಿಲ್ಲ. 429 ಅಂದರೆ 'ತುಂಬಾ ಕೇಳಿಬಿಟ್ಟಿರಿ, ಸ್ವಲ್ಪ ತಡೆಯಿರಿ' ಎಂಬ ಸಂಕೇತ; 2012ರಲ್ಲಿ ವೆಬ್‌ನ ನಿಯಮಗಳಿಗೆ ಸೇರಿದ್ದು. ಗಂಟೆ ಕಳೆದು ಮತ್ತೆ ಬಾಗಿಲು ತೆರೆದರೂ ಆ ದಿನಕ್ಕೆ ಉಳಿದಿದ್ದು 20 ಮಾತ್ರ.

ಮುಂದಿನ ವಾರಕ್ಕೆ ನನ್ನ ಇಮೇಲ್ ಕೊಟ್ಟು ಸ್ವಂತ ಕೀ ತೆಗೆದುಕೊಂಡೆ. ದುಡ್ಡಿಲ್ಲ, ಗಂಟೆಗೆ 1,000 ರಿಕ್ವೆಸ್ಟ್. ಈ ಲೆಕ್ಕ ಗಡಿಯಾರದ ಗಂಟೆಗೆ ಸೊನ್ನೆಯಾಗುವುದಿಲ್ಲ: 2.10ಕ್ಕೆ ಖರ್ಚು ಮಾಡಿದ್ದು 3.10ಕ್ಕೆ ಮರಳುತ್ತದೆ, 2.25ರದ್ದು 3.25ಕ್ಕೆ. ಇನ್ನೆಷ್ಟು ಉಳಿದಿದೆ ಎಂಬುದು ಪ್ರತಿ ಉತ್ತರದ ಹೆಡರ್‌ನಲ್ಲೇ, ಅಂದರೆ ಉತ್ತರದ ಜೊತೆ ಬರುವ ಚೀಟಿಯಂಥ ಭಾಗದಲ್ಲೇ, ಬರುತ್ತದೆ. ಅದನ್ನು ಪರದೆಯ ಮೇಲೆ ಮುದ್ರಿಸುವ ಒಂದು ಸಾಲು ಸೇರಿಸಿದ ದಿನದಿಂದ ಮಕ್ಕಳು ಯೋಚಿಸಿ ಓಡಿಸತೊಡಗಿದರು. ಅದಕ್ಕಿಂತ ದೊಡ್ಡ ಪಾಠ ಇನ್ನೊಂದು. ಹುಟ್ಟಿದ ದಿನದ ಚಿತ್ರ ನಾಳೆಗೆ ಬದಲಾಗುವುದಿಲ್ಲ. ಒಂದು ಸಲ ತಂದು ಫೈಲಿನಲ್ಲಿ ಉಳಿಸಿಕೊಂಡರೆ ನೂರು ಸಲ ನೋಡಬಹುದು, ನಾಸಾದ ಬಾಗಿಲು ಮತ್ತೆ ತಟ್ಟಬೇಕಿಲ್ಲ. ಹೀಗೆ ಉಳಿಸಿಕೊಳ್ಳುವುದಕ್ಕೇ ಕ್ಯಾಶ್ ಅನ್ನುವುದು. ಅದನ್ನು ಹಲಗೆ ಮೇಲೆ ಬರೆದು ವಿವರಿಸಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. (ಒಂದು ಎಚ್ಚರಿಕೆ: ಕೆಲವು ದಿನ ಚಿತ್ರದ ಬದಲು ವಿಡಿಯೊ ಇರುತ್ತದೆ. ಮೀಡಿಯಾ ಯಾವುದೆಂದು ಮೊದಲು ನೋಡದಿದ್ದರೆ ಪ್ರೋಗ್ರಾಮು ಅಲ್ಲಿ ಮುಗ್ಗರಿಸುತ್ತದೆ.)

ಮೊದಲ ದಿನಕ್ಕೆ ಮಾತ್ರ ನಾಸಾ ಬೇಡ. ಆ ದಿನಕ್ಕೆ ನನ್ನ ಆಯ್ಕೆ 'ಡಾಗ್ ಸಿಇಒ'. ಕೀ ಬೇಡ, ನೋಂದಣಿ ಬೇಡ, ಉತ್ತರದಲ್ಲಿ ಇರುವುದು ಎರಡೇ ಅಂಶ: ಚಿತ್ರದ ಕೊಂಡಿ, 'ಸಕ್ಸೆಸ್' ಎಂಬ ಸ್ಥಿತಿ. ಮೊದಲ ಸಲ ಜೇಸನ್ (ಇಂಥ ಸೇವೆಗಳು ಉತ್ತರ ಕಳಿಸುವ ಬರಹದ ಮಾದರಿ) ನೋಡುವ ಮಗುವಿಗೆ ಇದಕ್ಕಿಂತ ಸರಳವಾದ್ದು ನನಗೆ ಸಿಕ್ಕಿಲ್ಲ. ಚಿತ್ರಗಳು ಹೆಚ್ಚಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಯಿ ಚಿತ್ರಸಂಗ್ರಹದಿಂದ ಬಂದವು. ಆ ಸಂಗ್ರಹದಲ್ಲಿ 120 ತಳಿಗಳ 20,580 ಚಿತ್ರಗಳಿವೆ. ಆಮೇಲೆ ಜನರೂ ತಮ್ಮ ನಾಯಿಗಳ ಚಿತ್ರ ಸೇರಿಸುತ್ತಾ ಬಂದಿದ್ದಾರೆ.

ತಳಿಗಳ ಪಟ್ಟಿಯನ್ನು ಮುದ್ರಿಸಿ ಕೆಳಕ್ಕೆ ಎಳೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. 'ಮಿಸ್, ಮುಧೋಳ ಐತ್ರಿ!' ಅವನ ತಾಯಿಯ ತವರು ಬಾಗಲಕೋಟೆ ಕಡೆ. ಹೌದು, ಪಟ್ಟಿಯಲ್ಲಿ 'ಮುಧೋಳ', ಅದರೊಳಗೆ 'ಇಂಡಿಯನ್'. ಅದೇ ಪಟ್ಟಿಯಲ್ಲಿ ರಾಜಪಾಳಯಂ, ನಮ್ಮ ಬೀದಿನಾಯಿಯ ಬಳಗದ 'ಪರಿಯಾ' ಕೂಡ ಇವೆ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲೂ ಮುಧೋಳವಿತ್ತು ಅಂತ ಹೇಳಿದೆ. ಉಳಿದ ಅರ್ಧ ಗಂಟೆ ಕೋಣೆಯಲ್ಲಿ ಉದ್ದ ಕಾಲಿನ, ಸಪೂರ ಹೊಟ್ಟೆಯ ಮುಧೋಳ ನಾಯಿ ಬಿಟ್ಟರೆ ಬೇರೆ ತಳಿಗೆ ಜಾಗವಿರಲಿಲ್ಲ.

ಇಲ್ಲಿ ಗಂಟೆಗೆ ಇಷ್ಟು ಎಂಬ ಅಂಕಿ ದಾಖಲೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಸಲಕ್ಕೆ ಗರಿಷ್ಠ 50 ಚಿತ್ರಗಳ ಕೊಂಡಿ ಸಿಗುತ್ತದೆ ಎಂಬುದು ಬರೆದಿದೆ, ಮತ್ತು ಬಳಕೆಯ ದಾರಿ ಅದರಲ್ಲೇ ಇದೆ. ಐವತ್ತು ಸಲ ಒಂದೊಂದು ನಾಯಿ ಕೇಳುವ ಬದಲು ಒಂದೇ ಸಲ ಐವತ್ತರ ಪಟ್ಟಿ ತಂದು, ನಮ್ಮ ಯಂತ್ರದಲ್ಲೇ ರ್‍ಯಾಂಡಮ್ ಆಗಿ ಆರಿಸಿದರೆ ಮುಗಿಯಿತು. ಒಂದು ಮಾತು ಗಮನಿಸಬೇಕು: ಕೊಂಡಿ ಹಗುರ, ಚಿತ್ರ ಭಾರ. ಬ್ಯಾಂಡ್‌ವಿಡ್ತ್ ಖರ್ಚಾಗುವುದು ಚಿತ್ರ ಇಳಿಸುವಾಗ.

ಬೇಸಿಗೆಯಲ್ಲಿ ಜಾತ್ರೆಯ ದಾರಿಯಲ್ಲಿ ಅರವಟ್ಟಿಗೆ ಇಡುತ್ತಾರಲ್ಲ, ನೀರು ಮಜ್ಜಿಗೆ ಕೊಡುವವರು ಯಾರಿಗೂ ಎಷ್ಟು ಲೋಟ ಅಂತ ಕೇಳುವುದಿಲ್ಲ. ಹಾಗಂತ ಕೊಡ ಹೊತ್ತು ಹೋಗಿ ಸಾಲಿನಲ್ಲಿ ನಿಲ್ಲುವವರೂ ಇಲ್ಲ. ಮಿತಿ ಬರೆದಿಲ್ಲದ ಸೇವೆಯ ವಿಚಾರದಲ್ಲಿ ಮಕ್ಕಳಿಗೆ ನಾನು ಹೇಳುವುದು ಇದನ್ನೇ.

ಮಿತಿಯ ವಿಚಾರವನ್ನು ಅತ್ಯಂತ ಚೆನ್ನಾಗಿ ಬರೆದಿರುವುದು 'ಪೋಕೆ ಎಪಿಐ'. ಪೋಕೆಮಾನ್ ಆಟದ ಕಲ್ಪಿತ ಜೀವಿಗಳ ಎತ್ತರ, ತೂಕ, ಗುಣ, ದಾಳಿ ಎಲ್ಲವೂ ಇಲ್ಲಿ ಸಿಗುತ್ತವೆ, ಕೀ ಬೇಡ. ರಿಕ್ವೆಸ್ಟ್‌ಗಳಿಗೆ ಸಂಖ್ಯೆಯ ಮಿತಿಯನ್ನು ಪೂರ್ತಿ ತೆಗೆದುಹಾಕಿದ್ದೇವೆ ಅಂತ ಅವರೇ ಬರೆದಿದ್ದಾರೆ, ಕಾರಣವನ್ನೂ ಕೊಟ್ಟಿದ್ದಾರೆ: ಸ್ಟ್ಯಾಟಿಕ್ ಹೋಸ್ಟಿಂಗ್. ಮಕ್ಕಳಿಗೆ ಇದನ್ನು ಇಡ್ಲಿ ದೋಸೆಯ ಲೆಕ್ಕದಲ್ಲಿ ಹೇಳಿದೆ. ದೋಸೆ ಕೇಳಿದಾಗ ಕೇಳಿದವರಿಗೆ ಒಂದೊಂದೇ ಹುಯ್ಯಬೇಕು, ಕಾವಲಿಗೆ ಜನ ಮುತ್ತಿದರೆ ತಡವಾಗುತ್ತದೆ. ಇಡ್ಲಿ ಬೆಳಗ್ಗೆಯೇ ಬೆಂದಿರುತ್ತದೆ, ತಟ್ಟೆಗೆ ಹಾಕಿದರಾಯಿತು. ಪೋಕೆ ಎಪಿಐನ ಉತ್ತರಗಳು ಮೊದಲೇ ಬೆಂದು ಫೈಲಾಗಿ ಕೂತಿವೆ. ಆದರೂ ತಟ್ಟೆಗೆ ಖರ್ಚಿದೆ. ಅದಕ್ಕೇ ಅವರ ನ್ಯಾಯಯುತ ಬಳಕೆಯ ನಿಯಮ ಹೇಳುವುದು: ತಂದದ್ದನ್ನು ನಿಮ್ಮಲ್ಲೇ ಕ್ಯಾಶ್ ಮಾಡಿಕೊಳ್ಳಿ, ಬಳಸುವ ಇತರರೊಂದಿಗೆ ಸ್ನೇಹದಿಂದಿರಿ, ಪಾಲಿಸದವರ ಐಪಿ ವಿಳಾಸವನ್ನು ಶಾಶ್ವತವಾಗಿ ಬ್ಯಾನ್ ಮಾಡಲಾಗುತ್ತದೆ. ಅಂಕಿಯಿಲ್ಲ, ನಂಬಿಕೆಯಿದೆ, ನಂಬಿಕೆ ಮುರಿದರೆ ಏನು ಎಂಬುದೂ ಸ್ಪಷ್ಟವಾಗಿದೆ. ನನಗೆ ಈ ಧಾಟಿ ತುಂಬ ಹಿಡಿಸಿತು. ಒಂದೇ ರೂಟರ್ ಇರುವ ಶಾಲೆಗೆ ಬ್ಯಾನ್ ಅಂದರೆ ಮುಂದಿನ ವರ್ಷದ ಮಕ್ಕಳಿಗೂ ಬಾಗಿಲು ಮುಚ್ಚಿದಂತೆ. ಇದನ್ನು ಹೇಳಿದಾಗ ಮಕ್ಕಳು ಗಂಭೀರವಾಗಿಯೇ ಕೇಳಿಸಿಕೊಂಡರು.

ಪಾಠದ ದೃಷ್ಟಿಯಿಂದಲೂ ಇದು ಶ್ರೀಮಂತ. 25ನೇ ಜೀವಿ ಪಿಕಾಚುವಿನ ತೂಕ ಕೇಳಿದರೆ 60 ಅಂತ ಬರುತ್ತದೆ, ಎತ್ತರ 4. 'ಅರವತ್ತು ಕೇಜಿನಾ?' ಅಂತ ಗದ್ದಲ. ತೂಕ ಹೆಕ್ಟೋಗ್ರಾಮಿನಲ್ಲಿದೆ, ಎತ್ತರ ಡೆಸಿಮೀಟರಿನಲ್ಲಿ. ಅಂದರೆ 6 ಕೇಜಿ, 40 ಸೆಂಟಿಮೀಟರ್. ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಹೆಕ್ಟೋ, ಡೆಸಿ ಅಂದು ಉಪಯೋಗಕ್ಕೆ ಬಂದವು.

ಪಿಜೆಗಳ ಎರಡು ಸೇವೆಗಳ ನಡುವೆ ನಾನು ಬಹಳ ದಿನ ತೂಗಾಡಿದೆ. 'ಜೋಕ್ ಎಪಿಐ' ನಿಮಿಷಕ್ಕೆ 120 ರಿಕ್ವೆಸ್ಟ್ ಅಂತ ನೇರವಾಗಿ ಹೇಳುತ್ತದೆ. 14 ಮಕ್ಕಳಿಗೆ ಹಂಚಿದರೆ ತಲಾ ಎಂಟು ಚಿಲ್ಲರೆ, ಕೈಯಲ್ಲಿ ಓಡಿಸುವವರಿಗೆ ಧಾರಾಳ. ಒಂದೇ ಸಲಕ್ಕೆ ಹತ್ತರವರೆಗೆ ಜೋಕು ಕೇಳಬಹುದು. ಆದರೆ ಶಾಲೆಯಲ್ಲಿ ಬಳಸುವವರು ಅಶ್ಲೀಲ, ಧಾರ್ಮಿಕ, ರಾಜಕೀಯ ಮೊದಲಾದ ಬಗೆಗಳನ್ನು ಬೇಡವೆನ್ನುವ ಆಯ್ಕೆಗಳನ್ನೂ 'ಸೇಫ್ ಮೋಡ್' ಅನ್ನೂ ಮರೆಯದೆ ಹಾಕಬೇಕು. ಆ ಕೊಂಡಿಯನ್ನು ನಾನೇ ಬರೆದು ಕೊಡುತ್ತೇನೆ, ಮಕ್ಕಳ ಕೈಗೆ ಬಿಡುವುದಿಲ್ಲ.

'ಐ ಕ್ಯಾನ್ ಹ್ಯಾಝ್ ಡ್ಯಾಡ್ ಜೋಕ್' ಹೆಸರೇ ಹೇಳುವಂತೆ ಅಪ್ಪಂದಿರ ಪಿಜೆಗಳ ಭಂಡಾರ. ಇವರು ಕೀ ಕೇಳುವುದಿಲ್ಲ, ಕೇಳುವುದು ಪರಿಚಯ. ರಿಕ್ವೆಸ್ಟ್ ಕಳಿಸುವಾಗ ಯೂಸರ್ ಏಜೆಂಟ್ ಎಂಬ ಹೆಡರ್‌ನಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರು, ಸಂಪರ್ಕಿಸಲು ಕೊಂಡಿ ಅಥವಾ ಇಮೇಲ್ ಹಾಕಿ ಅಂತ ವಿನಂತಿ. ಹಾಕದಿದ್ದರೂ ಜೋಕು ಬರುತ್ತದೆ. ಯಾರ ಮನೆಗೆ ಹೋದರೂ ಜಗಲಿಯಲ್ಲಿ ನಿಂತು ಯಾವೂರು, ಯಾರ ಮಗಳು ಅಂತ ಹೇಳಿ ಒಳಗೆ ಹೋಗುವ ಮಕ್ಕಳಿಗೆ ಇದು ಕೂಡಲೇ ಅರ್ಥವಾಯಿತು. ನಮ್ಮ ಕ್ಲಬ್ಬಿನ ಹೆಸರು, ನನ್ನ ಇಮೇಲ್ ಹಾಕುವ ಆ ಒಂದು ಸಾಲನ್ನು ಅವರು ಈಗ ಕೇಳದವರಿಗೂ ಕಳಿಸುತ್ತಾರೆ. ಜೋಕುಗಳೆಲ್ಲ ಇಂಗ್ಲಿಷ್ ಪದಗಳ ಶ್ಲೇಷೆ, ಅರ್ಧಕ್ಕರ್ಧ ನಾನೇ ಬಿಡಿಸಿ ಹೇಳಬೇಕು. ಆದರೂ ಎರಡರಲ್ಲಿ ನಾನು ಉಳಿಸಿಕೊಂಡಿದ್ದು ಇದನ್ನೇ.

ಹೆಸರು ಹೇಳಲು ಇಷ್ಟಪಡದ ಆರನೆಯದೊಂದನ್ನೂ ಬಳಸಿ ಬಿಟ್ಟೆವು. ಅದರಲ್ಲಿ ಮಿತಿ ಎಲ್ಲೂ ಬರೆದಿರಲಿಲ್ಲ. ಮೀರಿದಾಗ 429 ಕೊಡುವ ಬದಲು 'ಎಲ್ಲ ಸರಿ' ಎನ್ನುವ 200 ಸಂಕೇತದ ಜೊತೆ ಖಾಲಿ ಉತ್ತರ ಕಳಿಸುತ್ತಿತ್ತು. ತಪ್ಪು ತಮ್ಮದೇ ಅಂದುಕೊಂಡು ಮಕ್ಕಳು ಎರಡು ಗಂಟೆ ಕೋಡಿನಲ್ಲಿ ಅಲ್ಪವಿರಾಮ ಹುಡುಕಿದರು. ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳದ ಸೇವೆಯನ್ನು ಕಲಿಯುವ ಮಕ್ಕಳ ಮುಂದೆ ಇಡಬಾರದು ಅಂತ ಅವತ್ತೇ ನಿರ್ಧರಿಸಿದೆ.

ಈಗ ನಮ್ಮಲ್ಲಿ ಕ್ರಮ ಹೀಗಿದೆ. ಮೊದಲ ಶನಿವಾರ ನಾಯಿ, ಎರಡನೆಯದು ಅಪ್ಪಂದಿರ ಪಿಜೆ, ನಂತರ ಮೂರು ವಾರ ಪೋಕೆಮಾನ್, ಕ್ಯಾಶ್ ಮಾಡಲು ಕೈ ಕುದುರಿದ ಮೇಲೆ ಆಕಾಶ. ಗೋಡೆಯ ಮೇಲೆ 429ರ ಬೆಕ್ಕಿನ ಚಿತ್ರ ಅಂಟಿಸಿದ್ದೇವೆ. ಪ್ರತಿ ಸಂಕೇತಕ್ಕೂ ಒಂದೊಂದು ಬೆಕ್ಕಿನ ಚಿತ್ರ ಕೊಡುವ 'ಎಚ್‌ಟಿಟಿಪಿ ಕ್ಯಾಟ್' ಎಂಬ ತಾಣದಿಂದ ತಂದದ್ದು, ಒಂದೇ ಸಲ ಇಳಿಸಿ ಮುದ್ರಿಸಿದ್ದು.

ಕಳೆದ ತಿಂಗಳು ಮಕ್ಕಳೇ ಒಂದು ಸೇವೆ ಕಟ್ಟಿದರು, ಕನ್ನಡ ಒಗಟುಗಳದ್ದು. ಮನೆಯಲ್ಲಿ ಅಜ್ಜಿಯರನ್ನು ಕೇಳಿ ನಲವತ್ತು ಒಗಟು ಬರೆದುಕೊಂಡು ಬಂದರು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಲಾಸ್ಕ್ (ಪೈಥಾನ್‌ನಲ್ಲಿ ಇಂಥ ಸೇವೆ ಕಟ್ಟುವ ಸಲಕರಣೆ) ಹಾಕಿ ಕೋಣೆಯೊಳಗಿನ ಜಾಲದಲ್ಲೇ ಅದನ್ನು ಓಡಿಸಿದೆವು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂತ ಒಂದು ಪರದೆಯಲ್ಲಿ ಬಂದರೆ, ಇನ್ನೊಂದು ರಿಕ್ವೆಸ್ಟ್‌ಗೆ 'ಮಲ್ಲಿಗೆ'. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಲ್ಯಾಪ್‌ಟಾಪಿನ ಫ್ಯಾನು ಭರ್ರನೆ ತಿರುಗತೊಡಗಿ ಎಲ್ಲರ ಪರದೆಯೂ ನಿಂತಿತು. ಮುಧೋಳದ ಹುಡುಗ ಎಲ್ಲ ಒಗಟನ್ನೂ ಒಮ್ಮೆಲೇ ಎಳೆಯಲು ಬಿಡುವಿಲ್ಲದ ಲೂಪ್ ಹಾಕಿದ್ದ. ಯಾರೂ ಅವನ ಮೇಲೆ ರೇಗಲಿಲ್ಲ. ಅಮ್ಮನ ಹುಟ್ಟಿದ ದಿನ ಹುಡುಕಿದ್ದ ಹುಡುಗಿ ಚಾಕ್ ತೆಗೆದುಕೊಂಡು ಹಲಗೆಯ ಮೇಲೆ '14 × 2 = 28' ಅಂತ ಬರೆದು, 'ನಿಮಿಷಕ್ಕೆ ಮೂವತ್ತು ಇಡೋಣ್ವಾ ಮಿಸ್?' ಅಂತ ಕೇಳಿದಳು.