ರಕ್ಷಣೆಯ (ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆ ಪಡೆದ) ನಂತರವೂ ತಪ್ಪಾದರೆ: ಫಾದರ್ ಮುಂದೆ ಹೇಳೋದಾ, ನೇರವಾಗಿ ದೇವರಿಗಾ?

ಹಾಸನದಲ್ಲಿ ಕ್ಯಾಥೋಲಿಕ್ ಮನೆಯ ಹುಡುಗಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆಯ ಹುಡುಗ ಮದುವೆಯಾದರೆ ಈ ಪ್ರಶ್ನೆ ಬಂದೇ ಬರುತ್ತದೆ.

ಕ್ಯಾಥೋಲಿಕರಲ್ಲಿ ದಾರಿ ಸ್ಪಷ್ಟ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನಂತರ ಮಾಡಿದ ಘೋರ ಪಾಪವನ್ನು ವರ್ಷಕ್ಕೊಮ್ಮೆಯಾದರೂ ಫಾದರ್ ಮುಂದೆ ಹೇಳಬೇಕು. ವರ್ಷಕ್ಕೊಮ್ಮೆ ಎಂಬ ನಿಯಮ 1215ರಲ್ಲಿ ರೋಮ್‌ನಲ್ಲಿ ನಡೆದ ಲ್ಯಾಟೆರನ್ ಎಂಬ ಚರ್ಚ್ ಮಹಾಸಭೆಯದು. ಕೇಳಿದ್ದನ್ನು ಅವರು ಯಾರಿಗೂ ಬಾಯಿಬಿಡುವ ಹಾಗಿಲ್ಲ. ಪ್ರಾಯಶ್ಚಿತ್ತ ಕೊಡುತ್ತಾರೆ, ಕ್ಷಮೆಯ ಮಾತು ಕಿವಿಗೇ ಬೀಳುತ್ತದೆ. ಒಳಗೊಳಗೇ ಕೊರಗುವವರಿಗೆ ಇದು ದೊಡ್ಡ ಸಮಾಧಾನ. ಆದರೆ ಊರು ಚಿಕ್ಕದು, ಫಾದರ್ ಪರಿಚಯದವರು ಅಂದರೆ ಸಂಕೋಚ ಇದ್ದೇ ಇರುತ್ತದೆ, ಅಲ್ವಾ? ಅಂಥವರು ಬೇರೆ ಊರಿನ ಚರ್ಚಿಗೆ ಹೋಗಿ ಹೇಳಿದರೂ ನಡೆಯುತ್ತದೆ. ಚಿಕ್ಕಮಗಳೂರು ಬಸ್ ಹತ್ತಿದರಾಯಿತು.

ಸಿಎಸ್‌ಐನಲ್ಲಿ ಆರಾಧನೆಯ ನಡುವೆ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಮಾಡುತ್ತಾರೆ, ಅಂದರೆ ತಪ್ಪು ಒಪ್ಪಿಕೊಳ್ಳುತ್ತಾರೆ. ಉಳಿದದ್ದು ಮನೆಯಲ್ಲಿ, ದೇವರ ಜೊತೆ. ಆಧಾರ ಬೈಬಲಿನ 1 ಯೋಹಾನ 1:9: ಪಾಪ ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ. ಸುಲಭ, ಆದರೆ ಸುಮ್ನೆ ಬಾಯಿಮಾತಾಗುವುದೂ ಅಷ್ಟೇ ಸುಲಭ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತದೆ. ಅದನ್ನು ಜಾಸ್ತಿ ಜನ ಹಾರಿಸಿಬಿಡುತ್ತಾರೆ.

ಕೆಲವು ಬೋಧಕರದು ಮೂರನೇ ಮಾತು: ಶಿಲುಬೆಯಲ್ಲೇ ಎಲ್ಲ ಪಾಪಕ್ಕೂ ಕ್ಷಮೆ ಸಿಕ್ಕಿದೆ, ಮತ್ತೆ ಕೇಳುವುದೇಕೆ? ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಕ್ಷಮೆ ಬೇಡುವ ಸಾಲಿದೆ. ಹಾಗಾಗಿ ಇದು ನನಗೆ ಒಪ್ಪಿಗೆಯಿಲ್ಲ.

ಪಕ್ಕದ ತೋಟದವರ ಗಡಿಕಲ್ಲು ಸರಿಸಿದ್ದರೆ ಮಾತ್ರ ಎರಡೂ ಕಡೆ ಒಂದೇ ಉತ್ತರ: ಕಲ್ಲು ವಾಪಸ್ ಇಡಿ. ಕುಡಿತದಂಥ ಬಿಡಲಾಗದ ಚಟವಿದ್ದರೆ ಒಬ್ಬರೇ ಪ್ರಾರ್ಥಿಸಿ ಸುಮ್ಮನಾಗಬೇಡಿ. ಫಾದರ್ ಆಗಲಿ, ಪಾಸ್ಟರ್ ಆಗಲಿ, ನಂಬಿಕೆಯ ಒಬ್ಬರಿಗೆ ಹೇಳಿ.