ಮಕ್ಳಿಗೆ ರೈಲು ತೋರಿಸೋಕೆ ಮೈಸೂರು ಮ್ಯೂಸಿಯಮ್ಮಾ, ನಮ್ಮ ನಂದಿ ಹಾಲ್ಟಾ?

ಚಿಕ್ಕಬಳ್ಳಾಪುರದಲ್ಲಿದ್ಕೊಂಡು ರೈಲು ಹುಚ್ಚಿರೋ ಮಕ್ಳನ್ನ ಸಾಕೋರಿಗೆ ಈ ಪ್ರಶ್ನೆ ಬಂದೇ ಬರುತ್ತೆ. ನಮ್ಮನೇಲಿ ಮಗನಿಗೆ ನಾಲ್ಕು, ಮಗಳಿಗೆ ಏಳು, ಎರಡೂ ಕಡೆ ಸುತ್ತಿಸಿದ್ದೀವಿ, ನಾದಿನಿ ಮನೆಗೆ ಹೋದಾಗ ಹುಬ್ಬಳ್ಳಿ ರೈಲು ಮ್ಯೂಸಿಯಮ್ಮೂ ನೋಡ್ಕೊಂಡು ಬಂದ್ವಿ. ಮೊದ್ಲೇ ಹೇಳ್ಬಿಡ್ತೀನಿ: ಐದು ವರ್ಷದೊಳಗಿನ ಮಗು ಆದ್ರೆ ಇಲ್ಲೇ ಪಕ್ಕದ ನಂದಿ ಹಾಲ್ಟ್ ಸ್ಟೇಷನ್, ಅದಕ್ಕಿಂತ ದೊಡ್ಡೋರಾದ್ರೆ ಮೈಸೂರಿನ ರೈಲು ಮ್ಯೂಸಿಯಂ. ಎರಡೂ ವಯಸ್ಸಿನೋರು ಇದ್ರೆ ಮೊದ್ಲು ನಂದಿ, ಆಮೇಲೆ ಮೈಸೂರು, ಇದನ್ನ ಮಾತ್ರ ಉಲ್ಟಾ ಮಾಡ್ಬೇಡಿ.

ಮೈಸೂರಿನದು 1979ರಲ್ಲಿ ಶುರುವಾದ ಮ್ಯೂಸಿಯಂ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಕೆಆರ್‌ಎಸ್ ರಸ್ತೇಲಿದೆ, ರೈಲಿಂದ ಇಳಿದು ಮಕ್ಳ ಕೈ ಹಿಡ್ಕೊಂಡು ನಡ್ಕೊಂಡೇ ಹೋಗ್ಬಹುದು. ಬಹಳಷ್ಟು ಇಂಜಿನ್‌ಗಳು ಬಯಲಲ್ಲೇ ನಿಂತಿವೆ. ಮಗಳು ಸ್ಟೀಮ್ ಇಂಜಿನ್ ಹತ್ತಿದೋಳು ಇಳಿಯೋಕೇ ರೆಡಿ ಇರ್ಲಿಲ್ಲ, ಕಲ್ಲಿದ್ದಲು ಎಲ್ಲಿ ಹಾಕ್ತಿದ್ರು, ಹೊಗೆ ಎಲ್ಲಿಂದ ಬರ್ತಿತ್ತು, ನೀರು ಯಾಕೆ ಬೇಕು ಅಂತ ಒಂದೇ ಸಮ ಕೇಳ್ತಿದ್ಲು. ಬೆಂಕಿ ಉರಿದು ನೀರು ಆವಿಯಾಗಿ, ಆ ಆವಿ ಸಿಲಿಂಡರ್ ಒಳಗಿನ ಪಿಸ್ಟನ್ ತಳ್ಳಿ, ಅದು ಚಕ್ರ ತಿರುಗಿಸೋದನ್ನ ಅಲ್ಲೇ ಬೆರಳಿಟ್ಟು ತೋರಿಸ್ಬಹುದು, ಯಾಕಂದ್ರೆ ಆ ರಾಡ್‌ಗಳೆಲ್ಲ ಹೊರಗೇ ಕಾಣ್ಸುತ್ತೆ, ಈಗಿನ ಕರೆಂಟ್ ಇಂಜಿನ್‌ನಲ್ಲಿ ಈ ತರ ತೋರ್ಸೋಕಾಗಲ್ಲ. ರಸ್ತೆ ಮೇಲೆ ಓಡ್ತಿದ್ದ ಆಸ್ಟಿನ್ ಕಾರನ್ನ ಹಳಿ ಮೇಲೆ ಓಡೋ ಹಾಗೆ ಮಾಡಿರೋದು ಒಂದಿದೆ, ಅದಂತೂ ಇಬ್ರಿಗೂ ಇಷ್ಟ ಆಯ್ತು. 1899ರ ಮಹಾರಾಣಿ ಸಲೂನ್, ಅಂದ್ರೆ ಮಹಾರಾಣಿಯವರು ಓಡಾಡ್ತಿದ್ದ ಬೋಗಿಯಲ್ಲಿ ಅಡುಗೆಮನೆ, ಟಾಯ್ಲೆಟ್ ಎಲ್ಲಾ ಇರೋದು ನೋಡಿ ಮಗಳು ಬೆರಗಾದ್ಲು, ಮಗನಿಗೆ ಅದರಲ್ಲಿ ಆಸಕ್ತಿ ಇರ್ಲಿಲ್ಲ. ಅವನದು ಪ್ರತಿ ಇಂಜಿನ್ ಮುಂದೆನೂ ಒಂದೇ ಪ್ರಶ್ನೆ, ಇದು ಯಾವಾಗ ಹೊರಡುತ್ತೆ ಅಂತ. ಕೊನೆಗೆ ಮಕ್ಳ ಪುಟಾಣಿ ರೈಲು ಹತ್ತಿದ್ಮೇಲೇ ಮುಖ ಅರಳಿದ್ದು.

ಮಧ್ಯಾಹ್ನ ಹೋಗ್ಬೇಡಿ, ಬಿಸಿಲಿಗೆ ಕಬ್ಬಿಣ ಕಾದಿರುತ್ತೆ, ಮುಟ್ಟೋಕಾಗಲ್ಲ, ಮುಟ್ಟದೆ ಬಂದ್ರೆ ಮಕ್ಳಿಗೆ ಏನು ಸಿಕ್ಕಂಗಾಯ್ತು? ವಾರದ ರಜೆ ಯಾವತ್ತು ಅಂತ ಹೊರಡೋಕೆ ಮುಂಚೆ ವಿಚಾರಿಸ್ಕೊಳ್ಳಿ. ಇಲ್ಲಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಗಾಡಿ ಹಿಡೀಬೇಕು, ಚಿಕ್ಕೋರಿಗೆ ಒಂದೇ ದಿನದಲ್ಲಿ ಹೋಗಿಬರೋದು ಸುಸ್ತು.

ನಂದಿ ಹಾಲ್ಟ್ ಅಂದ್ರೆ ಚಿಕ್ಕಬಳ್ಳಾಪುರ ಬಿಟ್ರೆ ಬೆಂಗಳೂರು ಕಡೆಗೆ ಸಿಗೋ ಮುಂದಿನ ಸ್ಟೇಷನ್, ಮಕ್ಳು ಬೋರಾಯ್ತು ಅನ್ನೋದ್ರೊಳಗೆ ಬಂದ್ಬಿಡುತ್ತೆ. ಹೆಂಚಿನ ಮಾಡಿನ ಹಳೇ ಪುಟ್ಟ ಕಟ್ಟಡ, ಹಿಂದೆ ಬೆಟ್ಟ. ಟಿಕೆಟ್ ಕೊಟ್ಟು ನೋಡೋ ಜಾಗ ಅಲ್ಲ. ಆದ್ರೆ ರೈಲು ಬರುತ್ತೆ! ಹಾರ್ನ್ ಕೇಳುತ್ತೆ, ಪ್ಲಾಟ್‌ಫಾರ್ಮ್ ನಡುಗುತ್ತೆ, ಮಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಉಸಿರು ಬಿಗಿಹಿಡಿದು ನಿಂತ್ಕೋತಾನೆ, ನಾಲ್ಕು ವರ್ಷದೋನಿಗೆ ಇದಕ್ಕಿಂತ ದೊಡ್ಡದು ಮೈಸೂರಲ್ಲೂ ಸಿಗ್ಲಿಲ್ಲ. ಗಾಡಿಗಳು ಕಮ್ಮಿ, ವಾಪಸ್ ಟೈಮ್ ನೋಡ್ಕೊಂಡೇ ಹೊರಡಿ, ನಡುವೆ ಟೈಮಿದ್ರೆ ಆಟೋದಲ್ಲಿ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ, ಅಲ್ಲಿನ ಕಲ್ಯಾಣಿ ಮೆಟ್ಟಿಲ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚದೆ ಹೊರಗೆ ಮರದ ಕೆಳಗೆ ಕೂತು ತಿನ್ನಿ.

ನಂದಿ ಮೊದ್ಲು ಯಾಕಂದ್ರೆ, ಈ ನಮ್ಮ ಲೈನು ಮುಂಚೆ ನ್ಯಾರೋ ಗೇಜು, ಹಳಿ ನಡುವೆ ಬರೀ 762 ಮಿಲಿಮೀಟರ್, ಅಂದ್ರೆ ಎರಡೂವರೆ ಅಡಿ. ಆಮೇಲೆ ಬ್ರಾಡ್ ಗೇಜ್ ಮಾಡಿದ್ರು, ಕೋಲಾರದ ಕಡೆಗೆ ಮತ್ತೆ ರೈಲು ಓಡಿದ್ದು 2013ರಲ್ಲಿ. ನಂದಿಯಲ್ಲಿ ತಾತ ಮಕ್ಳಿಗೆ ಆ ಪುಟ್ಟ ಗಾಡಿ ಕಥೆ ಹೇಳಿದ್ರು, ಮೈಸೂರಲ್ಲಿ ಸಣ್ಣ ಹಳಿ ಇಂಜಿನ್ ಕಂಡ ತಕ್ಷಣ ಮಗಳು ಓಡಿ ಹೋಗಿ ‘ಇದು ತಾತನ ರೈಲು’ ಅಂದ್ಲು. ಬ್ರಾಡ್ ಗೇಜ್ 1676 ಮಿಲಿಮೀಟರ್ ಅಂದ್ರೆ ಹೆಚ್ಚುಕಮ್ಮಿ ಅವರಪ್ಪನ ಎತ್ತರ, ಮೀಟರ್ ಗೇಜ್ ಅಂದ್ರೆ ತಮ್ಮನ ಎತ್ತರ, ಹೀಗೆ ಹೇಳ್ಕೊಟ್ಟಿದ್ದು ಇವತ್ತಿಗೂ ಮರೆತಿಲ್ಲ ಅವ್ಳು.

ಹುಬ್ಬಳ್ಳಿದು 2020ರಲ್ಲಿ ಆಗಿರೋದು, ಗದಗ ರೋಡ್ ಕಡೆ, ಹೊಸದಾಗಿ ನೀಟಾಗಿದೆ, ಆದ್ರೆ ಅದಕ್ಕೋಸ್ಕರಾನೇ ಇಲ್ಲಿಂದ ಅಷ್ಟು ದೂರ ಹೋಗಿ ಅಂತ ನಾನು ಹೇಳಲ್ಲ, ಆ ಕಡೆ ನೆಂಟ್ರಿದ್ರೆ ಖಂಡಿತ ನೋಡಿ.

ಕೋಲಾರ ಕಡೆಯೋರಿಗೆ ನಂದಿ ದೂರ ಅನ್ಸಿದ್ರೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ಗಾಡಿ ಹತ್ತಿಸಿ, ಚಿನ್ನದ ಗಣಿಗೋಸ್ಕರ 1894ರಲ್ಲಿ ಹಾಕಿದ ಲೈನು ಅದು, ಸುಮಾರು 16 ಕಿಲೋಮೀಟರ್ ಅಷ್ಟೇ, ಕಿಟಕಿ ಪಕ್ಕದ ಸೀಟು ಮಾತ್ರ ಚಿಕ್ಕೋರಿಗೆ ಬಿಟ್ಕೊಡಿ.