‘ಮೈನಸ್ 20’ ಎಂದು ಬರೆದಿದ್ದ ಕೈಗವಸನ್ನು ನಂಬಿ ಹಿಮದ ಬೆಟ್ಟ ಹತ್ತಿದೆ

ಹಿಮ ನೋಡಲು ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಕಾಶ್ಮೀರಕ್ಕೋ ಹೊರಟಿರುವ ನಮ್ಮ ಕಡೆಯವರು ಚೀಲ ಕಟ್ಟುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟದ ಚಾರಣದಲ್ಲಿ ನನ್ನ ಬಲಗೈಯ ಎರಡು ಬೆರಳುಗಳು ಹೆಪ್ಪುಗಟ್ಟಿದವು. ಅದೇ ಚಳಿಯಲ್ಲಿ ತಂಡದ ಉಳಿದ ಹನ್ನೊಂದು ಜನರ ಕೈಗೆ ಏನೂ ಆಗಲಿಲ್ಲ. ಆದ್ದರಿಂದ ಚಳಿಯನ್ನು ದೂರುವಂತಿಲ್ಲ. ನಾನು ಕೊಂಡ ಕೈಗವಸು ಎಂಥದ್ದು, ಅದನ್ನು ಹೇಗೆ ಬಳಸಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ನಾನು ಶಿವಮೊಗ್ಗದವಳು. ಹೊರಟಿದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗನ ಜೊತೆ. ಬೂಟು, ಜಾಕೆಟ್ಟುಗಳಿಗೆ ವಾರಗಟ್ಟಲೆ ಹುಡುಕಾಡಿದ ನಾವು ಕೈಗವಸಿಗೆ ಹತ್ತು ನಿಮಿಷವನ್ನೂ ಕೊಡಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ 899 ರೂಪಾಯಿಗೆ ಕಪ್ಪು ಜೋಡಿಯೊಂದು ಸಿಕ್ಕಿತು. ಮೇಲೆ ‘ವಾಟರ್‌ಪ್ರೂಫ್’, ‘ಮೈನಸ್ 20 ಡಿಗ್ರಿ’ ಎಂಬ ಚೀಟಿ. ಹಾಕಿ ನೋಡಿದೆ, ಚರ್ಮಕ್ಕೆ ಅಂಟಿದಂತೆ ಬಿಗಿಯಾಗಿ ಕೂತಿತು. ‘ಚಿಕ್ಕಮ್ಮ, ನಿಮಗೆಂದೇ ಹೊಲಿದಂತಿದೆ’ ಎಂದ ಅಕ್ಕನ ಮಗ. ನನಗೂ ಹಾಗೆಯೇ ಅನಿಸಿತು. ಸಾಲದ್ದಕ್ಕೆ, ಸ್ಕೂಟರ್ ಓಡಿಸುವಾಗ ಹಾಕಿಕೊಳ್ಳುವ ಹತ್ತಿಯ ತೆಳು ಕೈಗವಸನ್ನೂ ಒಳಗೆ ಹಾಕಿದರೆ ಇನ್ನಷ್ಟು ಬೆಚ್ಚಗಿರುತ್ತದೆಂದು ಅದನ್ನೂ ಇಟ್ಟುಕೊಂಡೆ.

ಡೆಹ್ರಾಡೂನಿನಿಂದ ಪುರೋಲಾ, ಮೋರಿ ದಾಟಿ ಸುಮಾರು 200 ಕಿಲೋಮೀಟರ್ ಹೋದರೆ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿ. ಚಾರಣ ಶುರುವಾಗುವುದು ಅಲ್ಲಿಂದ. ಮೊದಲ ದಿನ ದೇವದಾರು ಕಾಡಿನ ನಡುವೆ ಹತ್ತಿ ಜೂಡಾ ಕಾ ತಾಲಾಬ್ ಎಂಬ ಕೆರೆಯ ದಡ ಸೇರಿದೆವು. ಕೆರೆ ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಹುಟ್ಟಿದಾರಭ್ಯ ಹಿಮ ಕಾಣದವರು ನಾವು, ಮುಷ್ಟಿ ತುಂಬಾ ಹಿಡಿದು ಉಂಡೆ ಕಟ್ಟಿ ಎಸೆದಾಡಿದೆವು. ಅರ್ಧ ಗಂಟೆಗೆಲ್ಲ ನನ್ನ ಅಂಗೈ ತಣ್ಣಗಾಯಿತು. ತೆಗೆದು ನೋಡಿದರೆ ಒಳಗಿನ ಹತ್ತಿಯ ಕೈಗವಸು ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ ಬೆಳೆದವಳು ನಾನು. ಒದ್ದೆ ಹತ್ತಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ಅದನ್ನು ಅಲ್ಲೇ ಎಸೆಯಲಿಲ್ಲ.

ಆ ಕೈಗವಸಿನ ಇನ್ನೊಂದು ದೋಷ ಆಗಲೇ ತಿಳಿದದ್ದು. ಒದ್ದೆ ಕೈಯನ್ನು ಹೊರಗೆಳೆದಾಗ ಒಳಗಿನ ಮೆತ್ತೆಯ ಬಟ್ಟೆಯೂ ಬೆರಳಿಗೆ ಅಂಟಿಕೊಂಡು ಹೊರಗೆ ಬಂತು. ಬೆರಳ ತುದಿಯಲ್ಲಿ ಅದನ್ನು ಹೊರಪದರಕ್ಕೆ ಹೊಲಿದೇ ಇರಲಿಲ್ಲ. ಮತ್ತೆ ಕೈ ತೂರಿಸಿದರೆ ಬೆರಳುಗಳು ಅರ್ಧಕ್ಕೇ ನಿಂತವು. ಪೆನ್ನಿನ ಹಿಂಬದಿಯಿಂದ ಒಂದೊಂದೇ ಬೆರಳನ್ನು ಒಳಗೆ ತಳ್ಳುತ್ತಾ ಕೂತೆ. ಉಂಗುರದ ಬೆರಳಿನದು ಕೊನೆಗೂ ಸರಿಯಾಗಲಿಲ್ಲ. ತುದಿಯಲ್ಲಿ ಮುದ್ದೆಯಾಗಿ ಉಳಿಯಿತು. ಆಮೇಲೆ ಮೊದಲು ಹೆಪ್ಪುಗಟ್ಟಿದ್ದು ಅದೇ ಬೆರಳು.

ಎರಡನೆಯ ರಾತ್ರಿ ಸುಮಾರು 11,250 ಅಡಿ ಎತ್ತರದ ಶಿಬಿರದಲ್ಲಿ ತಂಗಿದೆವು. ಒದ್ದೆ ಕೈಗವಸುಗಳನ್ನು ಗುಡಾರದ ಬಾಗಿಲ ಬಳಿ ನೇತುಹಾಕಿ ಮಲಗಿದೆ. ಬೆಳಗಿನ ಜಾವ ಎರಡೂವರೆಗೆ ಎದ್ದಾಗ ಅವು ಹಲಸಿನ ಹಪ್ಪಳದಂತೆ ಸೆಟೆದು ನಿಂತಿದ್ದವು. ಹೊರಗೆ ಮೈನಸ್ 10 ಎಂದರು ನಮ್ಮ ಮಾರ್ಗದರ್ಶಿ. ತುದಿ ಇರುವುದು ಸುಮಾರು 12,500 ಅಡಿಯಲ್ಲಿ. ಅಷ್ಟು ಏರುವಷ್ಟರಲ್ಲಿ ಇನ್ನೆರಡು ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಬೆಟ್ಟದ ಚೂಪು ಏಣಿನ ಮೇಲೆ ಬೀಸುವ ಗಾಳಿ. ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 20ರಷ್ಟು ಕೊರೆಯುತ್ತದೆ. ಸೆಟೆದ ಕೈಗವಸನ್ನು ತಿಕ್ಕಿ ಮೆದುಮಾಡಿ, ಒಳಗೆ ಅದೇ ಹತ್ತಿಯದನ್ನು ಹಾಕಿ, ಊರುಗೋಲನ್ನು ಬಿಗಿಯಾಗಿ ಹಿಡಿದು ಹೊರಟೆ.

ಮೊದಲ ಒಂದು ಗಂಟೆ ಬೆರಳುಗಳು ವಿಪರೀತ ನೋಯುತ್ತಿದ್ದವು. ಆಮೇಲೆ ನೋವು ನಿಂತಿತು. ನಡೆದು ನಡೆದು ಮೈ ಕಾವೇರಿದೆ, ಕೈಯೂ ಬೆಚ್ಚಗಾಯಿತು ಎಂದುಕೊಂಡೆ. ದಯವಿಟ್ಟು ಈ ಒಂದು ಕ್ಷಣವನ್ನು ನೆನಪಿಟ್ಟುಕೊಳ್ಳಿ. ಕೊರೆಯುವ ಚಳಿಯಲ್ಲಿ ನೋಯುತ್ತಿದ್ದ ಬೆರಳು ತಾನಾಗಿ ನೋವು ನಿಲ್ಲಿಸಿದರೆ, ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತಿದೆ ಎಂದೇ ತಿಳಿಯಬೇಕು.

ನೀರು ಕುಡಿಯಲು ನಿಂತಾಗ ಫ್ಲಾಸ್ಕಿನ ಮುಚ್ಚಳ ತಿರುಗಿಸಲಾಗಲಿಲ್ಲ. ಹಿಡಿದಿದ್ದೇನೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಮಾರ್ಗದರ್ಶಿ ಹತ್ತಿರ ಬಂದು ‘ದೀದಿ, ಬೆರಳು ಮಡಚಿ ತೋರಿಸಿ’ ಎಂದರು. ಮಡಚಲಾಗಲಿಲ್ಲ. ಅವರೇ ಕೈಗವಸು ಎಳೆದು ತಲೆಗೆ ಕಟ್ಟಿದ್ದ ದೀಪವನ್ನು ಹಿಡಿದರು. ಉಂಗುರದ ಬೆರಳೂ ಕಿರುಬೆರಳೂ ನಡುಗೆಣ್ಣಿನಿಂದ ತುದಿಯವರೆಗೆ ಮೇಣದಬತ್ತಿಯಂತೆ ಬೆಳ್ಳಗಾಗಿದ್ದವು. ಒತ್ತಿದರೆ ಚರ್ಮ ತಗ್ಗುತ್ತಿರಲಿಲ್ಲ. ನನ್ನದೇ ಬೆರಳನ್ನು ಇನ್ನೊಂದು ಕೈಯಿಂದ ಮುಟ್ಟಿದರೆ ಯಾರದೋ ಬೆರಳು ಮುಟ್ಟಿದಂತಿತ್ತು. ಅಕ್ಕನ ಮಗ ಅಳುವುದೊಂದು ಬಾಕಿ.

ತಂಡದಲ್ಲಿದ್ದ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ಹಿಡಿ ಹಿಮ ತೆಗೆದು ಬೆರಳು ತಿಕ್ಕಲು ಬಂದರು. ಮಾರ್ಗದರ್ಶಿ ಅವರ ಕೈ ಹಿಡಿದು ತಡೆದರು. ಹೆಪ್ಪುಗಟ್ಟಿದ ಜಾಗವನ್ನು ಹಿಮದಿಂದಾಗಲಿ ಬರಿಗೈಯಿಂದಾಗಲಿ ತಿಕ್ಕಬಾರದು. ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಅವರು ನನ್ನ ಕೈಯನ್ನು ನನ್ನದೇ ಜಾಕೆಟ್ಟಿನೊಳಗೆ ಕಂಕುಳಲ್ಲಿ ಇರಿಸಿದರು. ಆಮೇಲೆ ತಮ್ಮ ಚೀಲದಿಂದ ನಾಲ್ಕು ಬೆರಳಿಗೂ ಒಂದೇ ಕೋಣೆ ಇರುವ ದಪ್ಪ ಉಣ್ಣೆಯ ಮಿಟನ್ ತೆಗೆದು ತೊಡಿಸಿದರು. ತುದಿ ಅರ್ಧ ಗಂಟೆಯ ದೂರದಲ್ಲಿತ್ತು. ನಾವು ಅಲ್ಲಿಂದಲೇ ಇಳಿದೆವು.

ಶಿಬಿರದಲ್ಲಿ ಅಡುಗೆಯವರು ಒಲೆಯ ಮುಂದೆ ಕೈ ಚಾಚಿ ಎಂದರು. ಅದಕ್ಕೂ ಮಾರ್ಗದರ್ಶಿ ಒಪ್ಪಲಿಲ್ಲ. ಸ್ಪರ್ಶವಿಲ್ಲದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಕೂಸಿಗೆ ನೀರೆರೆಯುವವರಂತೆ ಮೊಣಕೈ ಅದ್ದಿ ನೋಡಿದರು. ನೀರು 37ರಿಂದ 39 ಡಿಗ್ರಿಯೊಳಗೆ ಇರಬೇಕೆಂದು ಆಮೇಲೆ ಡೆಹ್ರಾಡೂನಿನ ವೈದ್ಯರು ಹೇಳಿದರು. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದರು: ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕೈಯನ್ನು ಬಿಸಿನೀರಿಗೆ ಇಳಿಸಲೇಬಾರದು, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹಲವು ಪಟ್ಟು. ನೀರಿನಲ್ಲಿ ಇಟ್ಟ ಹತ್ತು ನಿಮಿಷಕ್ಕೆ ಬೆರಳಿಗೆ ಜೀವ ಬಂತು. ಆ ನೋವನ್ನು ನಾನು ಹೆರಿಗೆ ನೋವಿನ ಪಕ್ಕದಲ್ಲಿ ಇಡುತ್ತೇನೆ. ಸಂಜೆಗೆ ತಿಳಿನೀರು ತುಂಬಿದ ಗುಳ್ಳೆಗಳೆದ್ದವು. ಒಡೆಯಬಾರದೆಂದು ಹತ್ತಿಬಟ್ಟೆ ಸಡಿಲವಾಗಿ ಸುತ್ತಿದರು. ಗುಳ್ಳೆಯಲ್ಲಿ ರಕ್ತ ತುಂಬಿದ್ದರೆ ಪೆಟ್ಟು ಆಳಕ್ಕೆ ಹೋಗಿದೆ ಎಂದರ್ಥವಂತೆ. ನನ್ನದು ಅಲ್ಲಿಯವರೆಗೆ ಹೋಗಿರಲಿಲ್ಲ.

ಊರಿಗೆ ಬಂದು ಕತ್ತರಿ ಹಿಡಿದು ಆ ಕೈಗವಸನ್ನು ಉದ್ದಕ್ಕೂ ಸೀಳಿದೆ. ಅಂಗೈಯ ಹಿಂಬದಿಯಲ್ಲಿ ಮಾತ್ರ ಒಂದು ತೆಳು ಸ್ಪಂಜಿನ ಹಾಳೆ. ಅಂಗೈಯಲ್ಲಿ ಇಲ್ಲ, ಬೆರಳುಗಳ ಒಳಬದಿಯಲ್ಲಿ ಇಲ್ಲ. ನೀರು ತಡೆಯುವ ಪೊರೆ ಎಲ್ಲಿಯೂ ಕಾಣಲಿಲ್ಲ. ಹೊರಬಟ್ಟೆಗೆ ನೀರು ಜಾರುವಂಥ ಲೇಪ ಹಾಕಿದ್ದರು, ಅಷ್ಟೆ. ಹನಿ ಬಿದ್ದರೆ ಅದು ಜಾರುತ್ತದೆ. ಹಿಮ ಹಿಡಿದು ಹಿಚುಕಿದರೆ ಹೊಲಿಗೆಯ ಪ್ರತಿ ತೂತಿನಿಂದ ನೀರು ಒಳಬರುತ್ತದೆ. ಅಂಗಡಿಯವರನ್ನು ಕೇಳಿದ್ದಕ್ಕೆ, ಚೀಟಿ ಅಚ್ಚು ಹಾಕುವುದು ಕಾರ್ಖಾನೆಯವರು ಎಂಬ ಉತ್ತರ ಬಂತು. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಕೈಗವಸಿನ ಮೇಲಿನ ‘ಮೈನಸ್ ಇಷ್ಟು’ ಎಂಬ ಅಂಕಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆ ಎಂಬುದಿಲ್ಲ. ಯಾರು ಏನು ಬೇಕಾದರೂ ಅಚ್ಚು ಹಾಕಬಹುದು. ಅಳೆದು ಕೊಟ್ಟ ಅಂಕಿ ಬೇಕಿದ್ದರೆ ಇಎನ್ 511 ಎಂಬ ಯುರೋಪಿನ ಗುರುತು ಹುಡುಕಿ. ಹಿಮದ ಹರಳಿನ ಚಿತ್ರದ ಜೊತೆ ಮೂರು ಅಂಕಿಗಳಿರುತ್ತವೆ: ಗಾಳಿಯ ಚಳಿಗೆ ಒಂದು, ತಣ್ಣನೆಯ ವಸ್ತು ಮುಟ್ಟಿದಾಗಿನ ಚಳಿಗೆ ಒಂದು, ಇವೆರಡೂ 4ರವರೆಗೆ ಹೋಗುತ್ತವೆ. ನೀರಿಗೆ ಸಂಬಂಧಿಸಿದ ಮೂರನೆಯದು 0 ಇಲ್ಲವೇ 1. ಹಿಮಕ್ಕೆ ಹೋಗುವವರು ಕೊನೆಯ ಅಂಕಿ 1 ಇದೆಯೇ ಎಂದು ನೋಡಿಕೊಳ್ಳಬೇಕು.

ಯಾವ ಗುರುತೂ ಸಿಗದಿದ್ದರೆ ನಿಮ್ಮ ಕೈಯನ್ನೇ ನಂಬಿ. ಕೈಗವಸು ತಾನಾಗಿ ಶಾಖ ಹುಟ್ಟಿಸುವುದಿಲ್ಲ. ರಕ್ತ ತಂದು ಕೊಡುವ ಶಾಖವನ್ನು ಒಳಗೆ ನಿಂತ ಗಾಳಿ ಕಾಪಾಡುತ್ತದೆ. ಬಿಗಿಯಾದ ಕೈಗವಸು ರಕ್ತವನ್ನೂ ತಡೆಯುತ್ತದೆ, ಗಾಳಿಗೂ ಜಾಗ ಬಿಡುವುದಿಲ್ಲ. ಅದರೊಳಗೆ ಇನ್ನೊಂದನ್ನು ತುರುಕಿದ್ದು ನನ್ನ ದೊಡ್ಡ ತಪ್ಪು. ಅಂಗಡಿಯಲ್ಲಿ ಉಣ್ಣೆಯ ಅಥವಾ ಪಾಲಿಯೆಸ್ಟರಿನ ಒಳಪದರ ಹಾಕಿಕೊಂಡೇ ಮೇಲಿನದನ್ನು ತೊಡಿ. ಬೆರಳ ತುದಿಯ ಮುಂದೆ ಒಂದಿಷ್ಟು ಖಾಲಿ ಜಾಗ ಇರಲಿ, ಮುಷ್ಟಿ ಕಟ್ಟಿದಾಗ ಎಲ್ಲೂ ಎಳೆಯಬಾರದು. ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಹೊರಗೆಳೆದು, ಒಳಬಟ್ಟೆ ಜೊತೆಗೇ ಬರುತ್ತದೆಯೇ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಮಣಿಕಟ್ಟು ಜಾಕೆಟ್ಟಿನ ತೋಳಿನ ಮೇಲೆ ಹತ್ತುವಷ್ಟು ಉದ್ದವಿರಲಿ, ಇಲ್ಲವಾದರೆ ಬಿದ್ದಾಗ ಹಿಮ ನೇರವಾಗಿ ಒಳಗೆ ಹೋಗುತ್ತದೆ. ಫೋಟೋ ತೆಗೆಯಲು ಮೊಬೈಲಿನ ತೆರೆ ಮುಟ್ಟುವ ಬೆರಳತುದಿ ಇದೆ ಎಂಬುದಕ್ಕೆ ಮರುಳಾಗಬೇಡಿ. ತೀರಾ ಚಳಿಯಲ್ಲಿ ಬೆರಳುಗಳು ಒಂದಕ್ಕೊಂದು ತಾಗಿಕೊಂಡಿರುವ ಮಿಟನ್‌ಗೆ ಸಾಟಿಯಿಲ್ಲ.

ಮತ್ತೆ, ಒಂದೇ ಜೋಡಿ ನಂಬಿ ಯಾರೂ ಹೋಗಬೇಡಿ. ಎರಡನೆಯದು ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದಂತೆಯೇ ಇರಲಿ. ಹಗಲು ನಡೆದು ಬೆವರಿದ ಜೋಡಿಯನ್ನು ನನ್ನಂತೆ ಗುಡಾರದ ಬಾಗಿಲಿಗೆ ನೇತುಹಾಕದೆ ಮಲಗುಚೀಲದೊಳಗೆ ಮೈಗೆ ತಾಗಿಸಿಟ್ಟುಕೊಳ್ಳಿ. ಬಿಸಿಯಾಗುವ ಪೊಟ್ಟಣಗಳನ್ನು ನೆಚ್ಚಿಕೊಂಡವರಿಗೂ ಒಂದು ಮಾತು: ಅವುಗಳೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದಿಂದಲೇ ಬಿಸಿಯಾಗುವುದು. ಗಾಳಿಯಾಡದ ಒದ್ದೆ ಕೈಗವಸಿನಲ್ಲಿ ಅವು ಬೇಗ ತಣ್ಣಗಾಗುತ್ತವೆ. ಮರಗಟ್ಟಿದ ಬೆರಳಿಗೆ ನೇರವಾಗಿ ಇಟ್ಟರೆ ಸುಟ್ಟುಬಿಡುತ್ತವೆ. ಕೊಳ್ಳಲು ದುಬಾರಿ ಎನಿಸಿದರೆ ಸಾಂಕ್ರಿಯಲ್ಲೇ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹಾಕಿ, ಮುಷ್ಟಿ ಕಟ್ಟಿ ನೋಡಿ ಆರಿಸಿಕೊಳ್ಳಿ.

ಗುಳ್ಳೆ ಒಣಗಿ, ಸಿಪ್ಪೆ ಸುಲಿದು, ಹೊಸ ಚರ್ಮ ಬರಲು ಒಂದೂವರೆ ತಿಂಗಳು ಹಿಡಿಯಿತು. ಈಗಲೂ ಫ್ರಿಜ್ಜಿನಿಂದ ಹಾಲಿನ ಪೊಟ್ಟಣ ತೆಗೆದರೆ ಉಂಗುರದ ಬೆರಳು ಬೆಳ್ಳಗಾಗಿ ಜುಮ್ಮೆನ್ನುತ್ತದೆ. ಜನವರಿಯಲ್ಲಿ ಅಕ್ಕನ ಮಗನ ಗೆಳೆಯರು ಮೂವರು ಅದೇ ಬೆಟ್ಟಕ್ಕೆ ಹೊರಟಿದ್ದಾರೆ. ಮೂವರನ್ನೂ ಮನೆಗೆ ಕರೆಸಿ, ಕೊಂಡು ತಂದ ಕೈಗವಸುಗಳನ್ನು ಬಕೆಟ್ ನೀರಿನಲ್ಲಿ ಅದ್ದಿಸಿ ಹಿಚುಕಿಸಿದೆ. ಎರಡು ಜೋಡಿಗಳನ್ನು ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದಾರೆ.